ಕುಂದಿಲ್ಲದ ವಿಮಾನ

ನಮ್ಮ ಊರಿನಲ್ಲಿ ಫೋಟೋ ತೆಗೆಸಿಕೊಂಡವರಿಗೆಲ್ಲ ಎಡಗೆನ್ನೆಯ ಮೇಲೆ ಒಂದು ಮಚ್ಚೆ ಇರುತ್ತದೆ. ಅದನ್ನು ಇಡುವುದು ನನ್ನ ಗಂಡ ಧರಣೇಂದ್ರ. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಸಣ್ಣ ಕುಂಚದಿಂದ ಒಂದೊಂದು ಪಟಕ್ಕೂ ಮಚ್ಚೆ ಇಟ್ಟು, ಒಣಗಿಸಿ, ಆಮೇಲೆ ಲಕೋಟೆಗೆ ಹಾಕುತ್ತಾನೆ. ಹುಟ್ಟಿನಿಂದಲೇ ಅಲ್ಲಿ ಮಚ್ಚೆ ಇರುವವರು ಬಂದರೆ ಪಟದಲ್ಲಿ ಅದನ್ನು ಅಳಿಸುತ್ತಾನೆ. ಕನ್ನಡಿ ಅಂಗಡಿಯವರು ಮಾಲು ಇಳಿದ ಕೂಡಲೇ ಪ್ರತಿಯೊಂದಕ್ಕೂ ಒಂದು ಗೀರು ಎಳೆಯುತ್ತಾರೆ. ಅವಳಿ ಮಕ್ಕಳು ಹುಟ್ಟಿದರೆ ಒಂದಕ್ಕೆ ಕಿವಿ ಚುಚ್ಚುತ್ತಾರೆ, ಇನ್ನೊಂದಕ್ಕೆ ಎಂದೂ ಚುಚ್ಚುವುದಿಲ್ಲ. ಶಾಲೆಯ ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಊರಿನ ಎಲ್ಲ ಬೀದಿಗಳೂ ಇವೆ, ಕೆರೆ ಮಾತ್ರ ಇಲ್ಲ. ಪಡಿಯಚ್ಚು ಯಾವುದೇ ಆಗಿರಲಿ, ಅದರಲ್ಲೊಂದು ಕುಂದು ಇರಬೇಕು. ಕುಂದಿಲ್ಲದ್ದು ನಮ್ಮಲ್ಲಿ ನಿಲ್ಲುವುದಿಲ್ಲ, ಹೋಗಿಬಿಡುತ್ತದೆ.

ಆದ್ದರಿಂದ ಹೊಸದಾಗಿ ಮಾಡಿದ ಬೊಂಬೆಯನ್ನೋ ವಿಗ್ರಹವನ್ನೋ ಮಾದರಿಯನ್ನೋ ಸಂತೆಬೀದಿಯ ಕಲ್ಲುಕಟ್ಟೆಯ ಮೇಲೆ ಒಂದು ರಾತ್ರಿ ಬುಟ್ಟಿ ಮುಚ್ಚಿ ಇಡುವುದು ಪದ್ಧತಿ. ಬೆಳಿಗ್ಗೆ ಗುರುಶಾಂತಪ್ಪನವರು ಬಂದು ಬುಟ್ಟಿ ಎತ್ತುತ್ತಾರೆ. ಕುಂದು ನೋಡುವುದು ಅವರ ಮನೆತನಕ್ಕೆ ಬಂದ ಕೆಲಸ. ಬುಟ್ಟಿಯ ಕೆಳಗೆ ವಸ್ತು ಇದ್ದರೆ ಮನೆಗೆ ಒಯ್ಯಬಹುದು. ಇಲ್ಲದಿದ್ದರೆ, ಮಾಡಿದವರು ಕುಂದು ಸರಿಯಾಗಿ ಇಟ್ಟಿರಲಿಲ್ಲ ಎಂದು ಅರ್ಥ. ಹೀಗೆ ಮೂರು ಹೋದರೆ ಅವರ ಕೈ ಕಟ್ಟುತ್ತಾರೆ. ಕಟ್ಟುವುದು ಅಂದರೆ ಬಲ ಮಣಿಕಟ್ಟಿಗೆ ಒಂದು ಕೆಂಪು ದಾರ, ಅಷ್ಟೇ. ಆದರೆ ಆ ದಾರ ಕಂಡವರು ಯಾರೂ ಮತ್ತೆ ಬಣ್ಣ, ಜೇಡಿಮಣ್ಣು, ಅಂಟು ಮಾರುವುದಿಲ್ಲ. ಸಾಯುವ ತನಕ ಬಾಗಿಲ ಮುಂದೆ ರಂಗೋಲಿಯಲ್ಲಿ ಒಂದು ಹೂ ಬಿಡಿಸುವಂತಿಲ್ಲ. ಗೊಂಬೆ ಮಾಡುತ್ತಿದ್ದ ಚನ್ನವೀರಯ್ಯನ ಕೈ ಕಟ್ಟಿ ಬಹಳ ವರ್ಷಗಳಾದವು. ಈಗ ಅದೇ ಕಟ್ಟೆಯ ಪಕ್ಕದಲ್ಲಿ ವೀಳ್ಯದೆಲೆ ಮಾರುತ್ತಾನೆ. ಹೇಗಿದ್ದೀಯ ಎಂದು ಯಾರಾದರೂ ಕೇಳಿದರೆ ಅವನ ಉತ್ತರ ಒಂದೇ: “ಮನ್ಯಾಗೆ ರೊಟ್ಟಿ ತಟ್ಟಾಕೂ ಬಿಡಲ್ಲ ಕಣ್ರಿ. ದುಂಡಗಾಗಿ ಚಂದ್ರನಂಗೆ ಆದ್ರೆ ಹೋಗಿಬಿಡ್ತದಂತೆ, ಉಪಾಸ ಬೀಳಬೇಕಾಗ್ತದಂತೆ.”

ನಾನು ಹುಡುಗಿಯರ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಪಾಠ ಹೇಳುವವಳು. ಪಾಠಕ್ಕೆ ಬೇಕಾದ ಮಾದರಿಗಳನ್ನೆಲ್ಲ ಮಾಡಿಕೊಡುವುದೂ ನಾನೇ, ನಮ್ಮ ವಿಭಾಗಕ್ಕೆ ಮಾತ್ರವಲ್ಲ, ಜೀವಶಾಸ್ತ್ರದವರಿಗೂ. ನನ್ನ ಕೈಯಿಂದ ಹಿಂದೆ ಎರಡು ಹೋಗಿದ್ದವು: ಒಂದು ಸೀಳಿದ ಕಪ್ಪೆ, ಇನ್ನೊಂದು ಮನುಷ್ಯನ ಒಳಕಿವಿ. ಎರಡರಲ್ಲೂ ಕುಂದು ಇಟ್ಟಿದ್ದೆ, ಆದರೆ ತೀರ ಸಣ್ಣದು. ಒಂದು ಕೆಲಸವನ್ನು ಸರಿಯಾಗಿ ಮಾಡಿ ಮುಗಿಸಿದ ಮೇಲೆ ಅದನ್ನು ಕೆಡಿಸಬೇಕೆಂದರೆ ನನ್ನ ಕೈ ಮುಂದೆ ಬರುವುದಿಲ್ಲ. “ಮಂದಾಕಿನಿ ಮೇಡಮ್ಮಾರು ಕುಂದು ಇಡೋದು ಅಂದ್ರೆ ಜಿಪುಣ ಸಾಸಿವೆ ಹಾಕಿದಂಗೆ” ಎಂದು ಗುರುಶಾಂತಪ್ಪನವರು ಕಟ್ಟೆಯ ಮೇಲೆ ಎಲ್ಲರ ಎದುರಿಗೇ ಹೇಳಿದ್ದರು. ನನಗೆ ಅದರಿಂದ ಬೇಸರವಾಗಲಿಲ್ಲ. ಮೂರನೆಯದು ಹೋಗುವುದಿಲ್ಲ ಎಂಬ ಧೈರ್ಯ ನನಗಿತ್ತು.

ಮೂರನೆಯದು ಒಂದು ವಿಮಾನ. ಜೋಡಿಸಿ ಕಟ್ಟಬೇಕಾದ ಅದರ ಪ್ಲಾಸ್ಟಿಕ್ ಭಾಗಗಳ ಪೆಟ್ಟಿಗೆಗಳನ್ನು ತಂದುಕೊಟ್ಟವನು ಧರಣೇಂದ್ರನಿಗೆ ಫೋಟೋ ಕಾಗದ ಒದಗಿಸುವ ಏಜೆಂಟ. ಎರಡನೆಯ ಮಹಾಯುದ್ಧದ ಕೊನೆಯ ವರ್ಷದಲ್ಲಿ ಹಾರಾಡಿದ ಜರ್ಮನ್ ಜೆಟ್. ಇನ್ನೂರ ಅರವತ್ತೆರಡು ಎಂಬುದು ಅದರ ಸಂಖ್ಯೆ. ಎದುರಿನಿಂದ ಗಾಳಿಯನ್ನು ನುಂಗಿ, ಒತ್ತಿ, ಉರಿಸಿ, ಹಿಂದಕ್ಕೆ ಉಗುಳಿ ಮುಂದಕ್ಕೆ ಹೋಗುವ ಎಂಜಿನ್ನಿನ ಪಾಠವನ್ನು ಕರಿಹಲಗೆಯ ಮೇಲೆ ಗೆರೆ ಎಳೆದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಹುಡುಗಿಯರ ಕೈಗೆ ಕೊಟ್ಟು ತೋರಿಸುವಂಥದ್ದು ಬೇಕಿತ್ತು. ಒಂದರ ಭಾಗ ಮುರಿದರೆ ಇನ್ನೊಂದರಿಂದ ತೆಗೆದುಕೊಳ್ಳಬಹುದೆಂದು ಎರಡು ಪೆಟ್ಟಿಗೆ ತರಿಸಿದ್ದೆ.

ಪ್ಲಾಸ್ಟಿಕ್ಕಿನ ಮಾದರಿ ಕಟ್ಟುವುದೆಂದರೆ ಅಂಟಿಸುವುದು ಎಂದು ಜನ ತಿಳಿದಿದ್ದಾರೆ. ಅಂಟಿಸುವುದು ಅದರಲ್ಲಿ ಕಡಿಮೆ, ಉಜ್ಜುವುದೇ ಹೆಚ್ಚು. ಭಾಗಗಳು ಅಂಟಿಕೊಂಡೇ ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಒಂದೊಂದೇ ಭಾಗವನ್ನು ಬ್ಲೇಡಿನಿಂದ ಬಿಡಿಸಿ, ಕತ್ತರಿಸಿದ ಗಂಟು ಬೆರಳಿಗೆ ತಾಕದಷ್ಟು ನಯವಾಗುವವರೆಗೆ ಒದ್ದೆ ಮರಳುಕಾಗದದಿಂದ ಉಜ್ಜಬೇಕು. ಎರಡು ಹೋಳುಗಳನ್ನು ಒತ್ತಿ ಹಿಡಿದು ಸಂದಿಗೆ ಕುಂಚದ ತುದಿ ಮುಟ್ಟಿಸಿದರೆ ತೆಳು ಅಂಟು ತಾನಾಗಿಯೇ ಉದ್ದಕ್ಕೂ ಓಡುತ್ತದೆ. ಕೇಶಾಕರ್ಷಣೆ ಎಂದು ತರಗತಿಯಲ್ಲಿ ಬರೆಸುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಈ ವಿಮಾನಕ್ಕೆ ಮೂಗಿನ ಕೆಳಗೊಂದು ಚಕ್ರ, ರೆಕ್ಕೆಗಳ ಕೆಳಗೆ ಎರಡು. ನಿಜವಾದದ್ದರ ಮೂಗಿನಲ್ಲಿ ನಾಲ್ಕು ಫಿರಂಗಿಗಳ ಭಾರವಿತ್ತು. ಪ್ಲಾಸ್ಟಿಕ್ಕಿನದರಲ್ಲಿ ಬರೀ ಟೊಳ್ಳು. ಹಾಗೆಯೇ ಮುಚ್ಚಿಬಿಟ್ಟರೆ ನೆಲಕ್ಕಿಟ್ಟ ಕೂಡಲೇ ಹಿಂದಕ್ಕೆ ವಾಲಿ ಬಾಲದ ಮೇಲೆ ಕೂರುತ್ತದೆ. ನಾನು ಆಧಾರಬಿಂದು ಗುರುತಿಸಿ, ದೂರ ಅಳೆದು, ಲೆಕ್ಕ ಹಾಕಿ, ಬೀಸುಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಮೂಗಿನೊಳಗೆ ಮೇಣದಲ್ಲಿ ಕೂರಿಸಿದೆ. ಮೂರೂ ಚಕ್ರದ ಮೇಲೆ ಅದು ಮೊದಲ ಸಲ ನಿಂತಾಗ, ಧರಣೇಂದ್ರ ಊಟದ ತಟ್ಟೆ ಬದಿಗೆ ಸರಿಸಿ ನೋಡಿದ. “ಶಾರ್ಕ್ ಮೀನಿನ ಹಾಗಿದೆಯಲ್ಲೇ” ಅಂದ. ಪಟ ತಿದ್ದಲು ಬಣ್ಣ ಊದುವ ತನ್ನ ಗಾಳಿಕುಂಚವನ್ನು ಕೇಳದೆಯೇ ತಂದುಕೊಟ್ಟ. ಅದರಿಂದ ಬೂದು ಮೈಮೇಲೆ ಹಸಿರು ಮಚ್ಚೆಗಳನ್ನು ಮೋಡದ ಅಂಚಿನ ಹಾಗೆ ಹರಡಿದೆ.

ಕುಂದು ಎಲ್ಲಿಡುವುದು ಎಂಬ ಮಾತು ಬಂದದ್ದು ಆಗ. “ಒಂದು ಚಕ್ರಕ್ಕೆ ಕೆಂಪು ಬಳಿದುಬಿಡು. ಕುರುಡರಿಗೂ ಕಾಣ್ಸುತ್ತೆ” ಅಂದ ಧರಣೇಂದ್ರ.

“ಹುಡುಗಿಯರು ನಗ್ತಾರೆ.”

“ಎರಡು ಹೋಗಿದೆ ನಿಂದು. ನಗಿಸ್ಕೊಳ್ಳೋದು ಎಷ್ಟೋ ವಾಸಿ.” ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ, “ಬಾಲದ ಮೇಲೆ ಆ ಓರೆ ಸ್ವಸ್ತಿಕ ಇದೆಯಲ್ಲ, ಆಗ ಜರ್ಮನಿ ಆಳ್ತಿದ್ದವರ ಪಕ್ಷದ್ದು. ಅದನ್ನಾದ್ರೂ ಬಿಟ್ಟುಬಿಡು. ಅದೇ ಕುಂದಾಯ್ತು” ಅಂದ.

“ಅದನ್ನು ಬಿಟ್ಟರೆ ಕುಂದಾಗಲ್ಲ, ಮುಚ್ಚಿಟ್ಟ ಹಾಗಾಗುತ್ತೆ. ಯಾರ ವಿಮಾನ ಅನ್ನೋದು ಹುಡುಗಿಯರಿಗೆ ಗೊತ್ತಿರಲಿ” ಎಂದು ನಾನು ಅದನ್ನು ಕೈಯಲ್ಲೇ ಬರೆದೆ.

ನನಗೆ ಬೇಕಾಗಿದ್ದದ್ದು ತಿಳಿದವರಿಗಷ್ಟೇ ಕಾಣುವ ಕುಂದು. ಬಲಗಡೆಯ ಎಂಜಿನ್ನಿನ ಹೊದಿಕೆಯನ್ನು ತೆರೆದು ನೋಡುವಂತೆ ಮಾಡಿದ್ದೆ. ಒಳಗೆ ಎಂಜಿನ್ನನ್ನು ರೆಕ್ಕೆಗೆ ಹಿಡಿದಿಡುವ ಬೋಲ್ಟುಗಳಿದ್ದವು. ತೆಳು ಹಾಳೆಯಿಂದ ಸೂಜಿಯಲ್ಲಿ ಒತ್ತಿ ತೆಗೆದು, ಒಂದೊಂದಾಗಿ ಕೂರಿಸಿದ್ದೆ. ಅವುಗಳಲ್ಲಿ ಒಂದನ್ನು ಕಿತ್ತು ತೆಗೆದೆ. ತೂತು ಖಾಲಿ ಇರುವುದು ಗೊತ್ತಾಗುವಂತೆ ಅಲ್ಲಿಗೆ ಒಂದು ಚುಕ್ಕೆ ಕಪ್ಪು ಇಟ್ಟೆ. ನೋಡಿದವರು ಮೆಕ್ಯಾನಿಕ್ಕುಗಳಾಗಿದ್ದರೆ ಎದೆ ಝಲ್ಲೆನ್ನಬೇಕು, ಬೇರೆಯವರಿಗೆ ಏನೂ ಅನಿಸಬಾರದು. ಅಷ್ಟು ಚೆನ್ನಾದ ಕುಂದನ್ನು ಊರಿನಲ್ಲಿ ಯಾರೂ ಇಟ್ಟಿಲ್ಲ ಎಂದುಕೊಂಡೆ.

ಅದನ್ನು ಇಡುವ ಸಂಜೆ ಕಟ್ಟೆಯ ಮೇಲೆ ಗುರುಶಾಂತಪ್ಪನವರು ಕನ್ನಡಕ ಹಣೆಗೇರಿಸಿ ಬಗ್ಗಿದರು. “ಎಲ್ಲೈತಮ್ಮ?”

ನಾನು ಸೂಜಿಯ ತುದಿಯಲ್ಲಿ ತೋರಿಸಿದೆ.

“ಇಷ್ಟೇನಾ? ಮತ್ತೆ ಸಾಸಿವೆ ತಂದ್ಯಲ್ಲಮ್ಮ.”

“ಸರ್, ಇದು ಒಂದಿಲ್ಲದಿದ್ದರೆ ಉಳಿದವು ಭಾರ ತಾಳಲ್ಲ. ಹಾರುವಾಗ ಎಂಜಿನ್ನೇ ಕಳಚಿ ಬೀಳುತ್ತೆ. ವಿಮಾನಕ್ಕೆ ಇದಕ್ಕಿಂತ ದೊಡ್ಡ ಕುಂದು ಇರೋಕೆ ಸಾಧ್ಯ ಇಲ್ಲ.”

“ಹೌದಾ? ಹಂಗಾದ್ರೆ ದೊಡ್ಡದೇ ಬಿಡು” ಎಂದು ಬುಟ್ಟಿ ಮುಚ್ಚಿದರು. ಚನ್ನವೀರಯ್ಯ ಎಲೆಗೆ ನೀರು ಚಿಮುಕಿಸುತ್ತ, “ಮೇಡಂ, ಕೆಂಪು ಚಕ್ರ ಹಾಕ್ಬೋದಿತ್ತು” ಅಂದ. ಧರಣೇಂದ್ರ ಅವನ ಹತ್ತಿರ ಹೇಳಿಕೊಂಡಿದ್ದ ಎಂದು ತಿಳಿಯಿತು.

ಬೆಳಿಗ್ಗೆ ಬುಟ್ಟಿ ಎತ್ತಿದಾಗ ಕಲ್ಲು ಬರಿದಾಗಿತ್ತು.

ಗುರುಶಾಂತಪ್ಪನವರು ಬುಟ್ಟಿಯ ಒಳಗನ್ನೂ ನೋಡಿದರು, ಅಲ್ಲಿ ಅಂಟಿಕೊಂಡಿರಬಹುದೇನೋ ಎಂಬಂತೆ. ಆಮೇಲೆ ನನ್ನ ಮುಖ ನೋಡದೆ, “ಸೋಮವಾರ ಬಾಮ್ಮ. ದಾರ ನಾನೇ ತರ್ತೀನಿ” ಅಂದರು. ಅವರಿಗೂ ಸಂಕಟವಾಗಿತ್ತು. ಚನ್ನವೀರಯ್ಯ ತನ್ನ ಗೋಣಿತಾಟನ್ನು ಸ್ವಲ್ಪ ಸರಿಸಿ, “ಬರ್ರಿ ಮೇಡಂ, ಪಕ್ಕದಾಗ ಜಾಗ ಐತೆ” ಅಂದ. ಹಂಗಿಸುವ ದನಿ ಅದಾಗಿರಲಿಲ್ಲ. ಅದಕ್ಕೇ ಅದು ಹೆಚ್ಚು ನೋಯಿಸಿತು.

ಮನೆಗೆ ಬಂದು ಕೆಲಸದ ಮೇಜಿನ ಮುಂದೆ ಕೂತೆ. ಎರಡನೆಯ ಪೆಟ್ಟಿಗೆ ಅಲ್ಲೇ ಇತ್ತು, ಅರ್ಧ ಬಳಸಿದ ಅಂಟಿನ ಬಾಟಲಿಯೂ. ಇವನ್ನೆಲ್ಲ ಯಾರಿಗಾದರೂ ಕೊಟ್ಟುಬಿಡಬೇಕಾಗುತ್ತದೆ ಎನಿಸಿತು. ನನಗೆ ಕೈಕೆಲಸ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಪಾಠ ಹೇಳುವುದೂ ನನಗೆ ಕೈಯಿಂದಲೇ. ಆದರೆ ಪ್ರಯೋಗಾಲಯದಲ್ಲಿ ನಾನೇ ಹುಡುಗಿಯರಿಗೆ ಹೇಳುವ ಮಾತೊಂದಿದೆ: ಉತ್ತರ ತಪ್ಪು ಬಂದರೆ ಅಳಬೇಡಿ, ನೀವು ಏನನ್ನು ಸರಿ ಎಂದು ಹಿಡಿದುಕೊಂಡಿದ್ದಿರೋ ಅದನ್ನು ಮೊದಲು ನೋಡಿ. ನಾನು ನೋಡಿದೆ. ಕುಂದು ಇದ್ದದ್ದು ನಿಜ. ಸಣ್ಣದಾಗಿರಲಿಲ್ಲ. ಆದರೂ ಮಾದರಿ ಹೋಯಿತು. ಅಂದರೆ ನಾನು ಕುಂದು ಎಂದುಕೊಂಡದ್ದು ಕುಂದಾಗಿರಲಿಲ್ಲ. ಮಾದರಿ ಯಾವುದರ ಪಡಿಯಚ್ಚೋ, ಅದರಲ್ಲೂ ಆ ಜಾಗದಲ್ಲಿ ಬೋಲ್ಟು ಇರಲಿಲ್ಲ.

ಯಾರು ತಾನೆ ವಿಮಾನ ಕಟ್ಟುವಾಗ ಎಂಜಿನ್ನಿನ ಬೋಲ್ಟು ಬಿಡುತ್ತಾರೆ? ಮರೆತು ಬಿಡುವಂಥದ್ದಲ್ಲ ಅದು. ಈ ಪ್ರಶ್ನೆ ಹಾಕಿಕೊಂಡ ಕೂಡಲೇ ಉತ್ತರ ಬಂತು. ನನಗೆ ಅದು ಮೊದಲೇ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಅದನ್ನು ವಿಮಾನದ ಜೊತೆ ಸೇರಿಸಿ ನೋಡಿರಲಿಲ್ಲ. ಆ ಜೆಟ್‌ಗಳನ್ನು ಕಟ್ಟಿದವರಲ್ಲಿ ಬಹಳ ಮಂದಿ ಸೆರೆಯಾಳುಗಳು. ಗುಡ್ಡದೊಳಗಿನ ಸುರಂಗಗಳಲ್ಲಿ, ಕಾಡಿನ ಮರಗಳ ಮರೆಯಲ್ಲಿ, ಹಸಿದ ಹೊಟ್ಟೆಯಲ್ಲಿ, ಬೇರೆ ಬೇರೆ ದೇಶಗಳಿಂದ ಹಿಡಿದು ತಂದವರಿಂದ ಕೆಲಸ ಮಾಡಿಸುತ್ತಿದ್ದರು. ಅವರಲ್ಲಿ ಕೆಲವರು ಬೇಕೆಂದೇ ಕೆಲಸ ಕೆಡಿಸುತ್ತಿದ್ದರು. ಸಿಕ್ಕಿಬಿದ್ದರೆ ಕೊಲ್ಲುತ್ತಿದ್ದರು. ಆದ್ದರಿಂದ ಅವರು ಕೆಡಿಸುವುದು ಬೇರೆಯವರಿಗೆ ಕಾಣಬಾರದು. ಕೆಲಸ ಬಲ್ಲವರು ಮೈಯೆಲ್ಲ ಕಣ್ಣಾಗಿ ಹುಡುಕಿದರಷ್ಟೇ ಸಿಗಬೇಕು. ಚಂದಕ್ಕೆಂದು ನಾನು ಹುಡುಕಿ ಹುಡುಕಿ ಆರಿಸಿದ ಜಾಗವನ್ನು, ಜೀವ ಉಳಿಸಿಕೊಳ್ಳಬೇಕಾದ ಯಾರೋ ನನಗಿಂತ ಮೊದಲೇ ಆರಿಸಿದ್ದರು.

ಧರಣೇಂದ್ರನಿಗೆ ಇದನ್ನು ಹೇಳಿದೆ. ಅವನು ಬಹಳ ಹೊತ್ತು ಕುಂಚ ತೊಳೆಯುತ್ತಲೇ ಇದ್ದ. “ಕುಂದು ಇಟ್ಟೇ ಕೊಡೋದು ಅಂದ್ರೆ, ಅವರೂ ನಮ್ಮೂರೋರೇ ಅನ್ನು” ಅಂದ. ಆಮೇಲೆ, “ನೀನು ಹೇಳಿದ್ದು ಸರಿ ಇರಬಹುದು. ಆದ್ರೆ ಕಟ್ಟೆಯ ಮೇಲೆ ಯಾರು ನಂಬ್ತಾರೆ? ಹೋದ ವಿಮಾನ ಬಂದು ಸಾಕ್ಷಿ ಹೇಳುತ್ತಾ?”

“ಬರಬೇಕಾಗಿಲ್ಲ. ಇನ್ನೊಂದು ಇದೆಯಲ್ಲ” ಅಂದೆ.

ಸೋಮವಾರ ಕಟ್ಟೆಗೆ ಹೋದಾಗ ಗುರುಶಾಂತಪ್ಪನವರ ಕೈಯಲ್ಲಿ ದಾರವಿತ್ತು. ಸುತ್ತ ಹತ್ತಿಪ್ಪತ್ತು ಜನ ನಿಂತಿದ್ದರು. ನಾನು ಕೈ ಚಾಚಲಿಲ್ಲ. ಸೆರೆಯಾಳುಗಳ ಸಂಗತಿಯನ್ನು ತರಗತಿಯಲ್ಲಿ ಹೇಳುವ ಹಾಗೆ ಮೊದಲಿನಿಂದ ಹೇಳಿದೆ. ಆಮೇಲೆ, “ನಾನು ಹೇಳುವುದು ಸುಳ್ಳಾದರೆ ತಿಳಿಯೋಕೆ ಒಂದು ದಾರಿ ಇದೆ ಸರ್. ಅದೇ ವಿಮಾನವನ್ನು ಇನ್ನೊಮ್ಮೆ ಕಟ್ಟುತ್ತೀನಿ, ಈ ಸಲ ಒಂದು ಕುಂದೂ ಇಲ್ಲದ ಹಾಗೆ. ಎಲ್ಲ ಬೋಲ್ಟೂ ಇರುತ್ತೆ. ನಿಜವಾದದ್ದರಲ್ಲಿ ಕುಂದು ಇದ್ದದ್ದು ಹೌದಾದರೆ, ಕುಂದಿಲ್ಲದ ಇದು ಅದರ ಪಡಿಯಚ್ಚಾಗಲ್ಲ. ನಿಲ್ಲಬೇಕು” ಅಂದೆ.

“ಕುಂದಿಲ್ಲದ್ದು ನಿಲ್ಲಬೇಕು ಅಂತೀಯ” ಎಂದು ಗುರುಶಾಂತಪ್ಪನವರು ನಿಧಾನವಾಗಿ ಕೇಳಿದರು. “ನಮ್ಮಪ್ಪ ಇದ್ದಿದ್ರೆ ಬುಟ್ಟಿ ನಿನ್ನ ತಲೆ ಮೇಲೆ ಮುಚ್ಚಿರೋನು. ಕುಂದು ಇಡದೇ ಇರೋದನ್ನ ಗೊತ್ತಿದ್ದೂ ಇಲ್ಲಿ ಹೆಂಗಮ್ಮ ಇಡ್ಸಲಿ?”

“ಹೋದರೆ ಎರಡೂ ಕೈಗೆ ಕಟ್ಟಿ. ಕಾಲೇಜಿನ ಕೆಲಸವನ್ನೂ ಬಿಡ್ತೀನಿ.”

ಧರಣೇಂದ್ರ ನನ್ನ ಸೆರಗು ಎಳೆದ. ಎರಡು ಕೈ ಕಟ್ಟಿಸಿಕೊಂಡವರು ಊರಿನಲ್ಲಿ ಇಲ್ಲಿಯವರೆಗೆ ಯಾರೂ ಇರಲಿಲ್ಲ. ಆಗ ಗೋಣಿತಾಟಿನ ಮೇಲಿನಿಂದ ಚನ್ನವೀರಯ್ಯ ಎದ್ದ. “ಇಡಾಕೆ ಬಿಡು ಗುರುಶಾಂತ. ನಾನು ಮಾಡಿದ ಮೂರನೇ ಗೊಂಬೆ ಒಂದು ಎತ್ತಿಂದು. ಒಂದು ಕೊಂಬು ಮುರಿದೇ ಇಟ್ಟಿದ್ದೆ, ನೀನೇ ನೋಡಿದ್ದಿ. ಹೋತು. ಇಷ್ಟು ವರ್ಷ ನನಗೆ ನಾನೇ ಬೈಕೊಂಡೆ, ಕೊಂಬು ಸರಿಯಾಗಿ ಮುರೀಲಿಲ್ಲ ಅಂತ. ಎಲ್ಲೋ ಒಂದು ಕೊಂಬು ಮುರಿದ ಎತ್ತು ಇದ್ದೀತು ಅಂತ ನನ್ನ ತಲೆಗೆ ಹೊಳೀಲಿಲ್ಲ ನೋಡು. ಈಯಮ್ಮ ಹೇಳೋದು ನಿಜಾನೋ ಸುಳ್ಳೋ ನನಗೂ ಬೇಕಾಗೈತೆ.”

ಗುರುಶಾಂತಪ್ಪನವರು ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಂಡರು.

ಎರಡನೆಯದನ್ನು ಕಟ್ಟುವಾಗ ಕೈಗೆ ದಾರಿ ಗೊತ್ತಿತ್ತು, ಕೆಲಸ ಬೇಗ ಸಾಗಬೇಕಿತ್ತು. ಸಾಗಲಿಲ್ಲ. ಮೊದಲ ಸಲ ಭಾಗಗಳನ್ನು ಕೂರಿಸುವಾಗ ಸಂತೋಷವಿತ್ತು. ಈ ಸಲ ಒಂದೊಂದು ಬೋಲ್ಟು ಕೂರಿಸಿ, ಭೂತಗನ್ನಡಿಯಲ್ಲಿ ನೋಡಿ, ಸರಿಯಿದೆ ಎಂದುಕೊಳ್ಳುವಾಗ, ಸುರಂಗದಲ್ಲಿ ಸೆರೆಯಾಳುಗಳ ಬೆನ್ನ ಹಿಂದೆ ಕೋಲು ಹಿಡಿದು ನಿಂತವನು ಹೀಗೆಯೇ ನೋಡುತ್ತಿದ್ದನಲ್ಲವೆ ಅನಿಸುತ್ತಿತ್ತು. ಅವನಿಗೆ ಬೇಕಾಗಿದ್ದ ವಿಮಾನವನ್ನು ಇಷ್ಟು ವರ್ಷಗಳ ಮೇಲೆ ನಾನು ಕಟ್ಟಿಕೊಡುತ್ತಿದ್ದೆ. ಹಾಗೆಂದು ಎಲ್ಲಿಯೂ ಕೈ ಸಡಿಲ ಬಿಡುವಂತಿರಲಿಲ್ಲ. ಒಂದು ಸಣ್ಣ ತಪ್ಪು ಉಳಿದರೂ ಮಾದರಿ ಆ ತಪ್ಪಿನಿಂದಲೇ ನಿಲ್ಲುತ್ತಿತ್ತು, ಆಗ ನನ್ನ ಮಾತಿಗೆ ಸಾಕ್ಷಿಯಿರುತ್ತಿರಲಿಲ್ಲ. ಸಂದಿಗಳನ್ನು ಉಗುರಿನಿಂದ ತಡವಿ ನೋಡಿದೆ. ರೆಕ್ಕೆಯ ಓರೆಯನ್ನು ಕೋನಮಾಪಕ ಹಿಡಿದು ಮತ್ತೆ ಮತ್ತೆ ಅಳೆದೆ. ಚೌಕಟ್ಟಿನ ತುಂಡನ್ನು ದೀಪದ ಮೇಲೆ ಬಿಸಿ ಮಾಡಿ ಕೂದಲೆಳೆಯಷ್ಟು ತೆಳ್ಳಗೆ ಎಳೆದು ರೇಡಿಯೋ ತಂತಿಯನ್ನೂ ಕಟ್ಟಿದೆ. ಮುಗಿದ ಮೇಲೆ ಧರಣೇಂದ್ರ ಭೂತಗನ್ನಡಿ ಹಿಡಿದು ಮೂಗಿನಿಂದ ಬಾಲದವರೆಗೆ ಹುಡುಕಿದ. ಇಪ್ಪತ್ತು ವರ್ಷದಿಂದ ಪಟಗಳಲ್ಲಿ ತಪ್ಪು ಹುಡುಕಿ ತಿದ್ದಿದ ಕಣ್ಣು ಅದು. “ಏನೂ ಇಲ್ಲ” ಅಂದ. ಭೂತಗನ್ನಡಿಯನ್ನು ಮೇಜಿನ ಮೇಲೆ ಮಗುಚಿಟ್ಟ.

ಅದನ್ನು ಕಟ್ಟೆಯ ಮೇಲಿಟ್ಟ ಸಂಜೆ ಗುರುಶಾಂತಪ್ಪನವರು ಕುಂದು ಎಲ್ಲಿ ಎಂದು ಕೇಳಲಿಲ್ಲ. ಬೋಲ್ಟುಗಳನ್ನು ಮಾತ್ರ ಒಂದೊಂದಾಗಿ ತೋರಿಸು ಅಂದರು. ತೋರಿಸಿದೆ. ಆಮೇಲೆ ಬುಟ್ಟಿ ಮುಚ್ಚಿದರು. ನನಗೆ ಆ ರಾತ್ರಿ ನಿದ್ದೆ ಬಂತೆಂದರೆ ಯಾರೂ ನಂಬುವುದಿಲ್ಲ. ಬಂತು. ಲೆಕ್ಕ ಸರಿಯಾಗಿ ಹಾಕಿದ ಮೇಲೆ ಉತ್ತರಕ್ಕೆ ಹೆದರುವ ಅಭ್ಯಾಸ ನನಗಿಲ್ಲ.

ಬೆಳಿಗ್ಗೆ ಸಂತೆಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ವಿದ್ಯಾರ್ಥಿನಿಯರು ಕನ್ನಡಿ ಅಂಗಡಿಯ ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಗುರುಶಾಂತಪ್ಪನವರು ಬುಟ್ಟಿಯ ಅಂಚಿಗೆ ಕೈ ಹಾಕಿ, “ಎತ್ತಲೇನಮ್ಮ?” ಎಂದು ಕೇಳಿದರು. ಹಾಗೆ ಅವರು ಯಾರನ್ನೂ ಕೇಳಿದವರಲ್ಲ.

“ಎತ್ತಿ” ಅಂದೆ.

ವಿಮಾನ ಇತ್ತು. ಇಟ್ಟ ಹಾಗೆಯೇ, ಮೂರೂ ಚಕ್ರಗಳ ಮೇಲೆ, ಮೂಗು ಸ್ವಲ್ಪ ಎತ್ತಿ. ರೇಡಿಯೋ ತಂತಿಯ ಮೇಲೆ ಇಬ್ಬನಿಯ ಹನಿಯೊಂದು ಕೂತಿತ್ತು. ನಮ್ಮ ಊರಿನ ಜನ ಒಂದು ಕುಂದೂ ಇಡದ ಮಾದರಿಯನ್ನು ಹಗಲು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ಒಬ್ಬ ಮುದುಕಿ ಮುಂದೆ ಬಂದು ಅದಕ್ಕೆ ದೃಷ್ಟಿ ತೆಗೆಯುವವಳಂತೆ ಕೈ ಎತ್ತಿ, ಬಾಲದ ಮೇಲಿನ ಗುರುತು ನೋಡಿ, ಕೈ ಕೆಳಗಿಳಿಸಿದಳು. ಧರಣೇಂದ್ರ ನನ್ನ ಎರಡೂ ಮಣಿಕಟ್ಟುಗಳನ್ನು ಹಿಡಿದುಕೊಂಡು ನಿಂತಿದ್ದ, ಬಿಡಲಿಲ್ಲ.

“ಗುರುಶಾಂತ, ಮನ್ಯಾಗೆ ಕತ್ತರಿ ಐತೇನು?” ಎಂದು ಚನ್ನವೀರಯ್ಯ ಬಲಗೈ ಮುಂದೆ ಚಾಚಿದ. ದಾರದ ಕೆಂಪು ಯಾವಾಗಲೋ ಹೋಗಿ ಮಣ್ಣಿನ ಬಣ್ಣವಾಗಿತ್ತು. ಗುರುಶಾಂತಪ್ಪನವರು ಕತ್ತರಿಗೆ ಕಾಯಲಿಲ್ಲ. ಬಗ್ಗಿ, ಹಲ್ಲಿನಿಂದಲೇ ಅದನ್ನು ಕಡಿದು ಹಾಕಿದರು. ಚನ್ನವೀರಯ್ಯ ಬರಿದಾದ ಮಣಿಕಟ್ಟನ್ನು ಉಜ್ಜಿಕೊಳ್ಳುತ್ತ ತನ್ನ ಎಲೆಗಳ ಹತ್ತಿರ ಹೋಗಿ ಕೂತ. ಒಂದು ಎಲೆ ಎತ್ತಿಕೊಂಡ. ಸುಮ್ಮನೆ ಅದನ್ನು ಮಡಿಸುತ್ತಿದ್ದ. ನೋಡುತ್ತಿದ್ದಂತೆ ಅದಕ್ಕೆ ಒಂದು ಕೊಕ್ಕು ಬಂತು.

ನಾನು ವಿಮಾನ ಎತ್ತಿಕೊಳ್ಳಲು ಹೋದಾಗ ಗುರುಶಾಂತಪ್ಪನವರು ತಡೆದರು. ನಿಂತದ್ದನ್ನು ಮನೆಗೆ ಕಳಿಸುವ ಮುಂಚೆ ಅದರ ಕುಂದನ್ನು ಅವರು ಬೆರಳಿಂದ ಮುಟ್ಟಬೇಕು, ಹಾಗೆ ಮುಟ್ಟದೆ ಅವರ ಮನೆತನದಲ್ಲಿ ಯಾರೂ ಏನನ್ನೂ ಕಳಿಸಿಲ್ಲ. “ಇದು ನಿಂತೈತೆ ಅಂದ ಮೇಲೆ ಇದರಾಗೂ ಒಂದು ಕುಂದು ಐತೆ ಅಂತಾಯ್ತಲ್ಲಮ್ಮ. ಏನದು?”

“ಇದರಲ್ಲಿ ಆ ಸೆರೆಯಾಳುಗಳು ಇಲ್ಲ ಸರ್” ಅಂದೆ.

ಅವರು ತೋರುಬೆರಳನ್ನು ಮುಂದೆ ತಂದರು. ಮೂಗಿನ ಹತ್ತಿರ ಒಯ್ದರು, ರೆಕ್ಕೆಯ ಮೇಲೆ ಹಾಯಿಸಿದರು, ತೆರೆದ ಎಂಜಿನ್ನಿನ ಮುಂದೆ ನಿಲ್ಲಿಸಿದರು. ಅಲ್ಲಿ ಎಲ್ಲ ಬೋಲ್ಟುಗಳೂ ತಮ್ಮ ತಮ್ಮ ಜಾಗದಲ್ಲಿದ್ದವು. ಬೆರಳು ಎಲ್ಲಿಯೂ ಇಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ವಿಮಾನದ ಪಕ್ಕದ ಖಾಲಿ ಕಲ್ಲಿನ ಮೇಲೆ, ಸೆರೆಯಾಳೊಬ್ಬ ನಿಂತು ಕೆಲಸ ಮಾಡಿರಬಹುದಾದಷ್ಟು ದೂರದಲ್ಲಿ, ಮೆಲ್ಲಗೆ ಒತ್ತಿದರು. “ಇಲ್ಲಿ ಅಂತ ಇಟ್ಕೊಳ್ಳಾನ” ಅಂದರು.